ಚುಕ್ಕಿಗಳ ಅಂಗಳ: ಚಿತ್ರ ಬಿಡಿಸುವ ಕಂಪ್ಯೂಟರಿಗೆ ಎಷ್ಟು ಮೆಮೊರಿ ಬೇಕು?



ಮನೆಯ ಮುಂದೆ ಚುಕ್ಕಿ ರಂಗೋಲಿ ಹಾಕುವವರನ್ನು ನೀವೆಲ್ಲ ನೋಡಿದ್ದೀರಿ. ಅವರು ಮೊದಲು ಅಂಗಳವನ್ನು ನೋಡುತ್ತಾರೆ. ಎಷ್ಟು ಚುಕ್ಕಿಯ ರಂಗೋಲಿ ಎಂಬುದನ್ನು ಆಮೇಲೆ ತೀರ್ಮಾನಿಸುತ್ತಾರೆ. ಕಂಪ್ಯೂಟರಿನ ತೆರೆಯ ಮೇಲೆ ಮೂಡುವ ಚಿತ್ರವೂ ಚುಕ್ಕಿಗಳಿಂದಲೇ ಆದದ್ದು. ಆ ಚುಕ್ಕಿಗಳಿಗೆ ಜಾಗ ಕೊಡುವ ಅಂಗಳವೇ ಮೆಮೊರಿ. ಚಿತ್ರಕಲೆ, ಪುಟವಿನ್ಯಾಸ, ಛಾಯಾಚಿತ್ರ ಸಂಸ್ಕರಣೆ ಕಲಿಯಹೊರಟವರು ಕಂಪ್ಯೂಟರ್ ಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆ, ‘ಮೆಮೊರಿ ಎಷ್ಟಿರಬೇಕು?’ ಎಂಬುದು. ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಅದನ್ನು ತಿಳಿದರೆ ಉತ್ತರವನ್ನು ನೀವೇ ಲೆಕ್ಕಹಾಕಬಲ್ಲಿರಿ.

1984ರ ಜನವರಿ 24ರಂದು ಅಮೆರಿಕದ ಆಪಲ್ ಕಂಪನಿ ಮೆಕಿಂಟಾಷ್ ಎಂಬ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ಬೆಲೆ 2,495 ಡಾಲರ್. ಮೆಮೊರಿ 128 ಕಿಲೋಬೈಟ್. ಅದುವರೆಗಿನ ಹೆಚ್ಚಿನ ಸಣ್ಣ ಕಂಪ್ಯೂಟರುಗಳು ಮುಖ್ಯವಾಗಿ ಅಕ್ಷರಗಳನ್ನು ತೋರಿಸುತ್ತಿದ್ದವು. ಸಾಲಿಗೆ 80 ಅಕ್ಷರದಂತೆ 25 ಸಾಲು ಎಂದರೆ 2,000 ಅಕ್ಷರ. ಅಕ್ಷರಕ್ಕೊಂದು ಬೈಟ್ ಎಂದರೂ 2,000 ಬೈಟ್ ಸಾಕು. ಮೆಕಿಂಟಾಷ್ ಮಾತ್ರ ತೆರೆಯ ಪ್ರತಿಯೊಂದು ಚುಕ್ಕಿಯನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕಿತ್ತು. ತೆರೆಯ ಅಗಲ 512 ಚುಕ್ಕಿ, ಎತ್ತರ 342 ಚುಕ್ಕಿ. ಗುಣಿಸಿದರೆ 1,75,104. ಕಪ್ಪು ಅಥವಾ ಬಿಳುಪು ಎಂದು ಹೇಳಲು ಚುಕ್ಕಿಗೆ ಒಂದು ಬಿಟ್ ಸಾಕು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹೀಗೆ ತೆರೆಯೊಂದಕ್ಕೇ 21,888 ಬೈಟ್ ಬೇಕಾಯಿತು. ಇದು ಇಡೀ ಮೆಮೊರಿಯ ಆರನೇ ಒಂದು ಭಾಗ!

ಆ ಯಂತ್ರದಲ್ಲಿ ಚಿತ್ರ ಬಿಡಿಸಲು ಬಿಲ್ ಅಟ್ಕಿನ್‌ಸನ್ ಎಂಬ ತಂತ್ರಜ್ಞರು ಮ್ಯಾಕ್‌ಪೇಂಟ್ ಎಂಬ ಪ್ರೋಗ್ರಾಮನ್ನು ಬರೆದರು. ಚಿತ್ರ ಬಿಡಿಸುವವರಿಗೆ ಕೈ ತಪ್ಪುವುದು ಸಹಜ. ತಪ್ಪಿದ ಗೆರೆಯನ್ನು ಅಳಿಸಿ ಹಿಂದಿನ ಸ್ಥಿತಿಗೆ ಮರಳಬೇಕಾದರೆ ಆ ಹಿಂದಿನ ಚಿತ್ರವನ್ನೂ ಯಂತ್ರ ಉಳಿಸಿಕೊಂಡಿರಬೇಕು. ಆದ್ದರಿಂದ ಅಟ್ಕಿನ್‌ಸನ್ ಕಿಟಕಿಯ ಚಿತ್ರದ ಎರಡು ಪ್ರತಿಗಳನ್ನು ಮೆಮೊರಿಯಲ್ಲಿಟ್ಟರು: ಈಗಿನದೊಂದು, ಹಿಂದಿನದೊಂದು. ಮೆಮೊರಿ ಕಡಿಮೆಯಿದ್ದುದರಿಂದ ಕಿಟಕಿಯನ್ನು 416 × 240 ಚುಕ್ಕಿಗಳಿಗೆ ಸೀಮಿತಗೊಳಿಸಬೇಕಾಯಿತು. ಹಿಂದಕ್ಕೆ ಹೋಗುವುದೂ ಒಂದೇ ಹೆಜ್ಜೆ. ಗಮನಿಸಿ: ಕಲಾವಿದ ಎಷ್ಟು ದೊಡ್ಡ ಚಿತ್ರ ನೋಡಬಹುದು, ಎಷ್ಟು ಸಲ ತಪ್ಪಬಹುದು ಎಂಬುದನ್ನು ಇಲ್ಲಿ ನಿರ್ಧರಿಸಿದ್ದು ಮೆಮೊರಿ.

128 ಕಿಲೋಬೈಟ್ ಬಹುಬೇಗ ಸಾಲದಾಗುತ್ತದೆ ಎಂಬುದು ಒಬ್ಬರಿಗೆ ಮೊದಲೇ ಹೊಳೆದಿತ್ತು. ಅವರು ಯಂತ್ರದ ಸರ್ಕ್ಯೂಟ್ ಹಲಗೆಯನ್ನು ರೂಪಿಸಿದ ಬರೆಲ್ ಸ್ಮಿತ್. ಹಲಗೆಯ ಮೇಲೆ ತಲಾ 64 ಕಿಲೋಬಿಟ್‌ನ 16 ಚಿಪ್ಪುಗಳಿದ್ದವು. ಮುಂದೆ 256 ಕಿಲೋಬಿಟ್‌ನ ಚಿಪ್ಪುಗಳು ಬಂದರೆ ಅದೇ ಜಾಗದಲ್ಲಿ ಕೂರಿಸಿ ಮೆಮೊರಿಯನ್ನು ನಾಲ್ಕು ಪಟ್ಟು ಮಾಡಬಹುದು. ಅದಕ್ಕೆ ಹಲಗೆಯ ಮೇಲೆ ಕೆಲವು ಹೆಚ್ಚುವರಿ ಗೆರೆಗಳನ್ನು ಎಳೆದರೆ ಸಾಕು. ಖರ್ಚು ಅತ್ಯಲ್ಪ. ಆದರೆ ಯೋಜನೆಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಒಪ್ಪಲಿಲ್ಲ. ಗಿರಾಕಿಗಳು ಯಂತ್ರದ ಒಳಗೆ ಕೈ ಹಾಕುವುದು ಅವರಿಗೆ ಇಷ್ಟವಿರಲಿಲ್ಲ. ಸ್ಮಿತ್ ಸದ್ದಿಲ್ಲದೆ ಆ ಗೆರೆಗಳನ್ನು ಹಾಗೆಯೇ ಉಳಿಸಿಬಿಟ್ಟರು. 1984ರ ಸೆಪ್ಟೆಂಬರಿನಲ್ಲಿ, ಎಂದರೆ ಎಂಟೇ ತಿಂಗಳಲ್ಲಿ, 512 ಕಿಲೋಬೈಟಿನ ಮೆಕಿಂಟಾಷ್ ಬಂದಿತು.

ಮುಂದಿನ ವರ್ಷ ಮುದ್ರಣದ ಚರಿತ್ರೆಯೇ ತಿರುವು ಪಡೆಯಿತು. 1985ರಲ್ಲಿ ಆಪಲ್‌ನ ಲೇಸರ್‌ರೈಟರ್ ಎಂಬ ಮುದ್ರಕವೂ, ಆಲ್ಡಸ್ ಕಂಪನಿಯ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ಪ್ರೋಗ್ರಾಮೂ ಮಾರುಕಟ್ಟೆಗೆ ಬಂದವು. ಈ ಮುದ್ರಕದಲ್ಲಿ 1.5 ಮೆಗಾಬೈಟ್ ಮೆಮೊರಿಯಿತ್ತು. ಅದಕ್ಕೆ ಜೋಡಿಸಿದ ಕಂಪ್ಯೂಟರಿಗಿಂತ ಇದೇ ಹೆಚ್ಚು! ಕಾರಣ ಮತ್ತೆ ಚುಕ್ಕಿಗಳ ಲೆಕ್ಕ. ತೆರೆಯಲ್ಲಿ ಅಂಗುಲಕ್ಕೆ 72 ಚುಕ್ಕಿಯಿದ್ದರೆ ಮುದ್ರಕದಲ್ಲಿ 300. ಎಂಟೂವರೆ ಅಂಗುಲ ಅಗಲ, ಹನ್ನೊಂದು ಅಂಗುಲ ಎತ್ತರದ ಅಮೆರಿಕನ್ ಹಾಳೆಗೆ 2,550 × 3,300, ಅಂದರೆ 84,15,000 ಚುಕ್ಕಿ. ಬೈಟ್‌ಗಳಲ್ಲಿ ಇದು ಒಂದು ಮೆಗಾಬೈಟಿಗಿಂತ ತುಸು ಹೆಚ್ಚು. ನಮ್ಮ ‘ಸ್ತ್ರೀ’ ಎಂಬ ಅಕ್ಷರವನ್ನೇ ನೋಡಿ. ಕೆಳಗೆ ಒತ್ತಕ್ಷರಗಳು, ಮೇಲೆ ಗುಣಿತದ ಸುಳಿ, ಪಕ್ಕದಲ್ಲಿ ದೀರ್ಘ. ಹನ್ನೆರಡು ಚುಕ್ಕಿಯ ಎತ್ತರದಲ್ಲಿ ಇದು ಮುದ್ದೆಯಾಗುತ್ತದೆ; ಐವತ್ತು ಚುಕ್ಕಿ ಕೊಟ್ಟರೆ ಅಂದವಾಗಿ ಮೂಡುತ್ತದೆ. ನಮ್ಮ ಊರುಗಳ ಡಿಟಿಪಿ ಅಂಗಡಿಗಳಿಂದ ಮದುವೆಯ ಕರೆಯೋಲೆಗಳು ಬರತೊಡಗಿದ್ದೂ ಇಂತಹ ಮುದ್ರಣ ವಿಧಾನ ಹರಡಿದ ಮೇಲೆಯೇ.

ಬಣ್ಣ ಬಂದಾಗ ಲೆಕ್ಕ ಇನ್ನೂ ಏರಿತು. ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಚುಕ್ಕಿಗೆ ಮೂರು ಬೈಟ್. ಎ4 ಹಾಳೆ ಅಂಗುಲಕ್ಕೆ 300 ಚುಕ್ಕಿಯಂತೆ 2,480 × 3,508. ಬಣ್ಣದಲ್ಲಿ ಸುಮಾರು 26 ಮೆಗಾಬೈಟ್. 1990ರಲ್ಲಿ ಬಂದ ಫೋಟೋಶಾಪ್‌ಗೆ 1994ರ ಮೂರನೆಯ ಆವೃತ್ತಿಯಲ್ಲಿ ಪದರಗಳು ಸೇರಿದವು. ಹಾಳೆಯನ್ನು ಪೂರ್ತಿ ತುಂಬುವ ಹತ್ತು ಪದರಗಳಿದ್ದರೆ 260 ಮೆಗಾಬೈಟ್. ಮೆಮೊರಿ ಸಾಲದಾದಾಗ ಯಂತ್ರ ಡಿಸ್ಕನ್ನೇ ತಾತ್ಕಾಲಿಕ ಅಂಗಳವಾಗಿ ಬಳಸುತ್ತದೆ. ಡಿಸ್ಕ್ ಬಹಳ ನಿಧಾನವಾದ್ದರಿಂದ ಕುಂಚವೂ ತಡವರಿಸುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಅಂಗಡಿಯವರನ್ನು ಕೇಳುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ನೀವು ಮಾಡಲಿರುವ ಅತಿ ದೊಡ್ಡ ಚಿತ್ರದ ಅಗಲದ ಚುಕ್ಕಿ, ಎತ್ತರದ ಚುಕ್ಕಿ, ಚುಕ್ಕಿಗೆ ಬೇಕಾದ ಬೈಟ್, ಪದರಗಳ ಸಂಖ್ಯೆ — ಇವನ್ನು ಗುಣಿಸಿ. ಹಿಂದಿನ ಹೆಜ್ಜೆಗಳನ್ನು ಉಳಿಸಲು ಅಷ್ಟೇ ಜಾಗವನ್ನಾದರೂ ಕೂಡಿಸಿ. ಕಾರ್ಯಾಚರಣೆ ವ್ಯವಸ್ಥೆಗೆ, ಜೊತೆಗೆ ತೆರೆದಿರುವ ಇತರ ಪ್ರೋಗ್ರಾಮುಗಳಿಗೆ ಪ್ರತ್ಯೇಕ ಪಾಲು ಇಡಿ. ಚುಕ್ಕಿಗಳ ಸಾಂದ್ರತೆ ಇಮ್ಮಡಿಯಾದರೆ ಮೆಮೊರಿ ನಾಲ್ಮಡಿಯಾಗುತ್ತದೆ ಎಂಬುದನ್ನು ಮರೆಯಬೇಡಿ. ಅಕ್ಷರ ಜೋಡಣೆ ಮತ್ತು ಸರಳ ಕರಪತ್ರಗಳ ಕೆಲಸಕ್ಕೆ ಬೇಕಾದ ಯಂತ್ರ ಬೇರೆ; ಹತ್ತಾರು ಪದರಗಳ ಭಿತ್ತಿಚಿತ್ರಕ್ಕೆ, ವಿಡಿಯೋ ಸಂಕಲನಕ್ಕೆ ಬೇಕಾದ ಯಂತ್ರ ಬೇರೆ. ಒಂದರ ಅಳತೆಯಿಂದ ಮತ್ತೊಂದನ್ನು ಕೊಂಡರೆ ಹಣ ವ್ಯರ್ಥ, ಇಲ್ಲವೇ ಕೆಲಸ ಕುಂಠಿತ.

ಕೊನೆಯದಾಗಿ, ಬರೆಲ್ ಸ್ಮಿತ್ ಎಳೆದ ಆ ಗೆರೆಗಳನ್ನು ನೆನಪಿಡಿ. ಇಂದಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೆಸುಗೆ ಹಾಕಿರುತ್ತಾರೆ; ಕೊಂಡ ಮೇಲೆ ಹೆಚ್ಚಿಸುವಂತಿಲ್ಲ. ಹಣ ಕೂಡಿಟ್ಟು ಕೊಳ್ಳುವ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ. ಆದ್ದರಿಂದ ‘ಎಷ್ಟಿದೆ?’ ಎಂದು ಕೇಳಿದೊಡನೆ ‘ಮುಂದೆ ಸೇರಿಸಬಹುದೇ?’ ಎಂದೂ ಕೇಳಿ. ಸೇರಿಸಬಹುದಾದರೆ ಇಂದಿನ ಕೆಲಸಕ್ಕೆ ಬೇಕಾದಷ್ಟು ಕೊಂಡರೆ ಸಾಕು. ಸೇರಿಸಲಾಗದಿದ್ದರೆ ಮೂರು ನಾಲ್ಕು ವರ್ಷದ ಮುಂದಿನ ಕೆಲಸವನ್ನು ಇಂದೇ ಲೆಕ್ಕಕ್ಕೆ ಹಿಡಿಯಬೇಕು. ನುರಿತ ಎಂಜಿನಿಯರುಗಳಿದ್ದ ಕಂಪನಿಯ ಅಂದಾಜೇ ಎಂಟು ತಿಂಗಳಲ್ಲಿ ಸಾಲದಾಯಿತು. ನಮ್ಮ ಅಂದಾಜೂ ತಪ್ಪಬಹುದು. ತಿದ್ದಿಕೊಳ್ಳಲು ಅಂಗಳದಲ್ಲಿ ಒಂದಿಷ್ಟು ಜಾಗ ಉಳಿದಿರಲಿ.