ವರ್ಚುವಲ್ ಮಷೀನೋ, ಡೆಡಿಕೇಟೆಡ್ ಸರ್ವರೋ?

ಅಂಗಡಿಯ ಲೆಕ್ಕ, ಗಿರಾಕಿಗಳ ಪಟ್ಟಿ, ಬಿಲ್ಲುಗಳು ಇಂದು ದೂರದ ಯಾವುದೋ ಡೇಟಾ ಸೆಂಟರಿನಲ್ಲಿ ಇರುತ್ತವೆ. ನಮ್ಮ ಕನ್ನಡ ಶಾಲೆಗಳಲ್ಲಿ ಕಲಿತು ಸ್ವಂತ ಉದ್ಯಮ ಕಟ್ಟಿದವರು ಹೋಸ್ಟಿಂಗ್ ಕೊಳ್ಳಲು ಹೊರಟಾಗ ಈ ಎರಡು ಹೆಸರುಗಳು ಎದುರಾಗುತ್ತವೆ. ಮಾರುವವರ ವಿವರಣೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ವಿಷಯವನ್ನು ಇಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಡೆಡಿಕೇಟೆಡ್ ಸರ್ವರ್ ಎಂದರೆ ಒಂದು ಇಡೀ ಯಂತ್ರ ಒಬ್ಬನೇ ಗ್ರಾಹಕನಿಗೆ. ಒಂಟಿ ಮನೆಯನ್ನು ಬಾಡಿಗೆಗೆ ಹಿಡಿದಂತೆ. ವರ್ಚುವಲ್ ಮಷೀನ್ ವಠಾರದ ಮನೆ. ಹೈಪರ್‌ವೈಸರ್ ಎಂಬ ತಂತ್ರಾಂಶವು ಒಂದೇ ಯಂತ್ರವನ್ನು ಹಲವು ಪಾಲು ಮಾಡುತ್ತದೆ; ಪ್ರತಿ ಪಾಲಿಗೂ ತನ್ನದೇ ಕಾರ್ಯಾಚರಣ ವ್ಯವಸ್ಥೆ, ತನ್ನದೇ ಬೀಗ. ಈ ಕಲ್ಪನೆ ಹೊಸದೇನಲ್ಲ. ಐಬಿಎಂ 1972ರಲ್ಲೇ ತನ್ನ ದೊಡ್ಡ ಗಣಕಗಳಿಗೆ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು; ಲಿನಕ್ಸ್‌ನ ತಿರುಳಿಗೆ ಕೆವಿಎಂ ಸೇರಿದ್ದು 2007ರಲ್ಲಿ.

ವಠಾರದ ಸುಖದುಃಖಗಳೆಲ್ಲ ಇಲ್ಲಿಯೂ ಉಂಟು. ಬಾಡಿಗೆ ಕಡಿಮೆ, ಕೆಲವೇ ನಿಮಿಷಗಳಲ್ಲಿ ಯಂತ್ರ ಸಿದ್ಧ, ವ್ಯಾಪಾರ ಬೆಳೆದರೆ ಸಾಮಾನ್ಯವಾಗಿ ಒಮ್ಮೆ ನಿಲ್ಲಿಸಿ ಎಬ್ಬಿಸಿದರೆ ಸಾಕು, ಮೆಮೊರಿ ಹೆಚ್ಚುತ್ತದೆ. ಆದರೆ ನೆರೆಯವನು ನೀರೆಲ್ಲ ಹಿಡಿದುಕೊಂಡರೆ ನಮ್ಮ ನಲ್ಲಿ ಸಣ್ಣದಾಗುತ್ತದೆ. ಲಿನಕ್ಸ್‌ನಲ್ಲಿ ‘ಟಾಪ್’ ಆದೇಶ ಕೊಟ್ಟಾಗ ಕಾಣುವ ‘ಎಸ್‌ಟಿ’ ಅಂಕಿ, ನಮ್ಮ ಯಂತ್ರ ಕೆಲಸಕ್ಕೆ ಸಿದ್ಧವಾಗಿದ್ದರೂ ಹೈಪರ್‌ವೈಸರ್ ಬೇರೆಡೆ ಕೊಟ್ಟ ಸಮಯದ ಪ್ರಮಾಣ. ಅದು ದಿನವೂ ಏರಿಯೇ ಇದ್ದರೆ ಮನೆ ಬದಲಿಸುವುದು ಲೇಸು. ಇನ್ನೊಂದು ಎಚ್ಚರಿಕೆ: ಅನೇಕ ಕಡೆ ಒಂದು ವಿಸಿಪಿಯು ಎಂದರೆ ಪೂರ್ಣ ಕೋರ್ ಅಲ್ಲ, ಕೋರಿನ ಒಂದು ಥ್ರೆಡ್ ಮಾತ್ರ. ನಾಲ್ಕು ವಿಸಿಪಿಯುಗಳನ್ನು ನಾಲ್ಕು ಕೋರುಗಳಿಗೆ ಸಮವೆಂದು ತೂಗಿ ಬೆಲೆ ಹೋಲಿಸಬಾರದು.

ಒಂಟಿ ಮನೆಯಲ್ಲಿ ನೆರೆಯ ಕಾಟವಿಲ್ಲ. ಹಗಲಿರುಳು ಒಂದೇ ಸಮನೆ ದುಡಿಯುವ ದೊಡ್ಡ ದತ್ತಸಂಚಯಕ್ಕೆ ಅದೇ ಯೋಗ್ಯ. ಅಂಥ ಭಾರಕ್ಕೆ ಕೆಲವೊಮ್ಮೆ ಅಗ್ಗವೂ ಆದೀತು. ಆದರೆ ಡಿಸ್ಕ್ ಕೆಟ್ಟರೆ ಅದು ನಿಮ್ಮದೇ ಡಿಸ್ಕ್, ಬದಲಿಸುವವರೆಗೆ ಕಾಯಬೇಕು. ಒಂದೇ ದತ್ತವನ್ನು ಎರಡು ಡಿಸ್ಕುಗಳಲ್ಲಿ ಬರೆಯುವ ರೇಡ್ ವ್ಯವಸ್ಥೆಯು ಒಂದು ಡಿಸ್ಕ್ ಸತ್ತರೆ ಕಾಯುತ್ತದೆ, ಕೈತಪ್ಪಿ ಅಳಿಸಿದ ಕಡತವನ್ನು ಮರಳಿ ಕೊಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಯಂತ್ರ ನಿಂತರೆ ಏಳುವವರು ಯಾರು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಎರಡಕ್ಕೂ ಸಮಾನವಾದ ಅಪಾಯವೊಂದಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ಕ್ಲೌಡ್ ಸಂಸ್ಥೆಯ ಒಂದು ಡೇಟಾ ಸೆಂಟರ್ ಕಟ್ಟಡ ಬೆಂಕಿಗೆ ಪೂರ್ಣ ಆಹುತಿಯಾಯಿತು. ಬೇರೆಡೆ ಪ್ರತಿ ಇಟ್ಟುಕೊಂಡಿರದ ಗ್ರಾಹಕರ ದತ್ತ ಮರಳಲಿಲ್ಲ. ಸರ್ವರ್ ಯಾವ ಬಗೆಯದೆಂದು ಬೆಂಕಿ ವಿಚಾರಿಸಲಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಹೊಸ ವ್ಯಾಪಾರಕ್ಕೆ ಸಣ್ಣ ವರ್ಚುವಲ್ ಮಷೀನೇ ಸಾಕು. ಉಳಿದ ಹಣವನ್ನು ಬೇರೆ ಊರಿನಲ್ಲಿಡುವ ಬ್ಯಾಕಪ್‌ಗೆ ಹಾಕಿರಿ. ಆರು ತಿಂಗಳ ಬಳಕೆಯ ಅಂಕಿಗಳು ಕೈಗೆ ಬಂದ ಮೇಲೆ ಡೆಡಿಕೇಟೆಡ್ ಸರ್ವರಿನ ಮಾತೆತ್ತಬಹುದು. ಕರಾರಿಗೆ ಸಹಿ ಹಾಕುವ ಮುನ್ನ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಿರಿ: ಬ್ಯಾಕಪ್ ಯಾವ ಊರಿನ ಯಾವ ಕಟ್ಟಡದಲ್ಲಿದೆ, ಅದನ್ನು ಮರಳಿ ಸ್ಥಾಪಿಸಿ ಕೊಡಲು ಎಷ್ಟು ಗಂಟೆ ಬೇಕು.