ಅಜ್ಜನ ಚೀಲದ ನಾಲ್ಕು ಕಾರ್ಡು: ಒಂದೊಂದಕ್ಕೂ ಒಂದೊಂದು ಕತೆ

ಕೆ.ಆರ್. ಪುರದಿಂದಾಚೆಗಿನ ಹಳ್ಳಿಗಳಿಗೆ ನಾವು ಸುದ್ದಿಗೆಂದು ಹೋದಾಗ ವಯಸ್ಸಾದವರು ಚೀಲ ಬಿಚ್ಚಿ ಕಾರ್ಡುಗಳನ್ನು ಹರಡುತ್ತಾರೆ. ರೇಷನ್ ಕಾರ್ಡು, ಸೊಸೈಟಿಯ ಕಾರ್ಡು, ಹಳೇ ಇ.ಎಸ್.ಐ. ಕಾರ್ಡು, ಈಗ ಆಯುಷ್ಮಾನ್. "ಇದ್ರಲ್ಲಿ ಯಾವ್ದು ನಡೀತದಪ್ಪಾ?" ಎಂದು ಕೇಳುತ್ತಾರೆ. ಯಾವ ಕಾರ್ಡು ಯಾರಿಗಾಗಿ ಹುಟ್ಟಿತೆಂದು ತಿಳಿದರೆ ಉತ್ತರ ಅರ್ಧ ಸಿಕ್ಕಂತೆ.

ಮೊದಲು ಕಾರ್ಡೇ ಇರಲಿಲ್ಲ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ಬಂತು, ಅದರ ಸುತ್ತ ಊರು ಬೆಳೆಯಿತು. ಸಿಪಾಯಿಯಲ್ಲದ ಜನರಿಗೆ ಈಗಿನ ಶಿವಾಜಿನಗರದಲ್ಲಿ 1868ರಲ್ಲಿ ಸಿವಿಲ್ ಆಸ್ಪತ್ರೆ ತೆರೆಯಿತು. ಆಗ ಕಮಿಷನರ್ ಆಗಿದ್ದ ಬೌರಿಂಗ್ ಹೆಸರೇ ಅದಕ್ಕೆ ನಿಂತಿತು.

ಸ್ವಾತಂತ್ರ್ಯ ಬಂದ ಮೇಲೆ ಕಾರ್ಖಾನೆಗಳ ಕಾಲ. ದೂರವಾಣಿನಗರದ ಐ.ಟಿ.ಐ. ಶುರುವಾದ 1948ರಲ್ಲೇ ಇ.ಎಸ್.ಐ. ಕಾಯ್ದೆಯೂ ಬಂತು. ಯೋಜನೆ 1952ರಲ್ಲಿ ಕಾನ್ಪುರ, ದೆಹಲಿಯಲ್ಲಿ ಆರಂಭವಾಗಿ 1958ರಲ್ಲಿ ಬೆಂಗಳೂರಿಗೆ ತಲುಪಿತು. ಐ.ಟಿ.ಐ.ಯಂಥ ದೊಡ್ಡ ಕಾರ್ಖಾನೆಗೆ ತನ್ನದೇ ಆಸ್ಪತ್ರೆ ಇತ್ತು. ಸಣ್ಣ ವರ್ಕ್‌ಶಾಪು, ಗಾರ್ಮೆಂಟ್ಸ್‌ನವರಿಗೆ ಇಂದಿರಾನಗರದ ಇ.ಎಸ್.ಐ. ಆಸ್ಪತ್ರೆಯೇ ಗತಿ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕೆಲಸ ಮುಗಿದ ದಿನವೇ ಇ.ಎಸ್.ಐ. ಮುಗಿಯಿತೆಂದು ಎಷ್ಟೋ ಮಂದಿ ಕಾರ್ಡನ್ನು ಟ್ರಂಕಿಗೆ ಹಾಕಿದ್ದಾರೆ. ಹಾಗಲ್ಲ. ಕನಿಷ್ಠ 5 ವರ್ಷ ವಿಮೆಯಲ್ಲಿದ್ದು ವಯೋನಿವೃತ್ತಿಯಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತಮಗೂ, ಹೆಂಡತಿಗೆ ಅಥವಾ ಗಂಡನಿಗೂ ಚಿಕಿತ್ಸೆ ಮುಂದುವರಿಯುತ್ತದೆ. ಹಳೇ ವಿಮಾ ಸಂಖ್ಯೆ, ಕಂಪನಿಯ ನಿವೃತ್ತಿ ಪತ್ರ ಹಿಡಿದು ಇ.ಎಸ್.ಐ. ಶಾಖಾ ಕಚೇರಿಗೆ ಹೋಗಬೇಕು. ಆದರೆ ಮನೆ ಕಷ್ಟಕ್ಕೆ ನಡುವೆಯೇ ಕೆಲಸ ಬಿಟ್ಟ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇದು ಸಿಗದು. ಇದು ಅನ್ಯಾಯ ಎಂದೇ ನಮ್ಮ ಅನಿಸಿಕೆ.

ರೈತರಿಗೆ ಇಂಥದ್ದು ಬರಲು 2003ರವರೆಗೆ ಕಾಯಬೇಕಾಯಿತು. ಸಹಕಾರ ಸಂಘದ ಸದಸ್ಯರು ತಿಂಗಳಿಗೆ 5 ರೂಪಾಯಿಯಂತೆ ಕಟ್ಟುವ ಯಶಸ್ವಿನಿ ಶುರುವಾಯಿತು. ಆದರೆ ಆಗ 75 ದಾಟಿದವರಿಗೆ ಅದರಲ್ಲಿ ಜಾಗವಿರಲಿಲ್ಲ. ಆಸ್ಪತ್ರೆ ಹೆಚ್ಚು ಬೇಕಾಗುವ ವಯಸ್ಸಿಗೇ ಬಾಗಿಲು ಹಾಕಿದಂತೆ! 2018ರಲ್ಲಿ ನಿಂತಿದ್ದ ಯಶಸ್ವಿನಿ ಈಗ ಮತ್ತೆ ನಡೆಯುತ್ತಿದೆ. ನೋಂದಣಿಯ ಗಡುವನ್ನು ಸೊಸೈಟಿಯಲ್ಲೇ ವಿಚಾರಿಸಿ.

ಅದೇ 2018ರಲ್ಲಿ ರೇಷನ್ ಕಾರ್ಡು ಆಧಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಮಿತಿ ಒಂದೂವರೆ ಲಕ್ಷ.

ಕಾರ್ಖಾನೆ, ಸೊಸೈಟಿ, ರೇಷನ್ ಯಾವುದನ್ನೂ ಕೇಳದೆ ವಯಸ್ಸನ್ನಷ್ಟೇ ನೋಡುವ ಯೋಜನೆಯನ್ನು ಕೇಂದ್ರ ಆರಂಭಿಸಿದ್ದು 2024ರ ಅಕ್ಟೋಬರ್ 29ರಂದು. ಅದೇ ವಯ ವಂದನಾ. ಆಧಾರ್ ಪ್ರಕಾರ 70 ತುಂಬಿದವರಿಗೆ 5 ಲಕ್ಷ. ಮನೆಯವರು ಈಗಾಗಲೇ ಆಯುಷ್ಮಾನ್‌ನಲ್ಲಿದ್ದರೆ ಹಿರಿಯರಿಗೆ ಇದು ಹೆಚ್ಚುವರಿ. ಆದರೆ ಖರ್ಚು ಯಾರೆಷ್ಟು ಹೊರಬೇಕೆಂದು ನಮ್ಮ ರಾಜ್ಯ ತಕರಾರು ತೆಗೆದಿದೆ. ಕಾರ್ಡು ಕೈಯಲ್ಲಿದೆಯೆಂದು ಸೀದಾ ಖಾಸಗಿ ಆಸ್ಪತ್ರೆಗೆ ದಾಖಲಾಗಬೇಡಿ. ಮೊದಲು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ಇಲ್ಲವೇ 14555ಕ್ಕೆ ಫೋನ್ ಮಾಡಿ.

ಆರೋಗ್ಯ ಕರ್ನಾಟಕದಲ್ಲೂ ತುರ್ತು ಸ್ಥಿತಿ ಬಿಟ್ಟರೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಹೀಗಾಗಿ ಅಜ್ಜ ರೇಷನ್ ಅಥವಾ ಆಯುಷ್ಮಾನ್ ಕಾರ್ಡು ಹಿಡಿದು ಹೊರಟರೆ ಬಸ್ಸು ಇಳಿಯುವುದು ಮೊದಲು ಕೆ.ಆರ್. ಪುರದ ಸರ್ಕಾರಿ ಆಸ್ಪತ್ರೆಯ ಮುಂದೆ, ಇಲ್ಲವೇ ಆ ಹಳೇ ಬೌರಿಂಗ್ ಮುಂದೆ.