ಸದ್ದು ಕೇಳಿಸಿದರೆ ಬದುಕಿದ್ದೀರಿ ಅಂತ

ಕ್ಷಿಪಣಿ ದಾಳಿ ಅಂದ ಕೂಡ್ಲೇ ನಮ್ಮ ಕಣ್ಮುಂದೆ ಬರೋದು ಸೈರನ್, ನೆಲಮಾಳಿಗೆಗೆ ಓಡೋ ಜನ. 1944ರ ಲಂಡನ್ನಿನಲ್ಲಿ ಮೊದಮೊದಲು ಹಾಗೇ ಇತ್ತು. ಆಮೇಲೆ ಓಡೋದಕ್ಕೂ ಪುರುಸೊತ್ತು ಸಿಗಲಿಲ್ಲ.

ಜೂನ್ 13ಕ್ಕೆ ಶುರುವಾಗಿದ್ದು ಜರ್ಮನಿಯ ವಿ-1. ಪೈಲಟ್ ಇಲ್ಲದ ಪುಟ್ಟ ವಿಮಾನ, ಮೂತಿಯಲ್ಲಿ ಸುಮಾರು 850 ಕಿಲೋ ಸ್ಫೋಟಕ. ಕೆಟ್ಟ ಮೋಟಾರ್‌ಬೈಕಿನ ಥರ ಗುರ್‌ಗುಟ್ಟುತ್ತಾ ಬರ್ತಿತ್ತು. ಸದ್ದು ಕೇಳೋ ತನಕ ಪರವಾಗಿಲ್ಲ. ನಿಂತಿತೋ, ಹತ್ತು ಹನ್ನೆರಡು ಸೆಕೆಂಡಿನಲ್ಲಿ ಎಲ್ಲೋ ಬೀಳ್ತದೆ ಅಂತ ಅರ್ಥ. ಜನ ಮಾತನ್ನ ಅರ್ಧಕ್ಕೇ ನಿಲ್ಲಿಸಿ ಕಿವಿಗೊಡುತ್ತಿದ್ದರು. ಇದು ನಮ್ಮನ್ನು ದಾಟಿ ಹೋಗಲಪ್ಪಾ ಅಂತ ಬೇಡಿಕೊಳ್ಳೋದು ಅಂದ್ರೆ, ಮುಂದಿನ ಬೀದಿಯವರ ಮೇಲೆ ಬೀಳಲಿ ಅಂದಂತೆ. ಆ ನಾಚಿಕೆಯನ್ನೂ ನುಂಗಿಕೊಂಡೇ ಬದುಕಬೇಕಿತ್ತು. ಆ ಬೇಸಿಗೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು.

ಸೆಪ್ಟೆಂಬರ್ 7ರಂದು ಮಂತ್ರಿ ಡಂಕನ್ ಸ್ಯಾಂಡಿಸ್ ಪತ್ರಕರ್ತರನ್ನು ಕರೆದು, ಲಂಡನ್ ಕದನ ಹೆಚ್ಚುಕಮ್ಮಿ ಮುಗೀತು ಅಂದುಬಿಟ್ಟರು. ಮಾರನೇ ದಿನ ಸಂಜೆ ಚಿಸ್ವಿಕ್‌ನ ಸ್ಟೇವ್ಲಿ ರಸ್ತೆಯಲ್ಲಿ ವಿ-2 ಬಿತ್ತು. ಮೂವರು ಸತ್ತರು.

ವಿ-2 ನಿಜವಾದ ರಾಕೆಟ್. ಹಾಲೆಂಡಿನಿಂದ ಹೊರಟರೆ ಐದೇ ನಿಮಿಷ. ಸದ್ದಿಗಿಂತ ವೇಗ ಜಾಸ್ತಿ, ಹಾಗಾಗಿ ಮೊದಲು ಸ್ಫೋಟ, ಆಮೇಲೆ ಅದು ಬಂದ ಸದ್ದು! ಸೈರನ್ ಇಲ್ಲ, ಹೊಡೆದುರುಳಿಸೋ ಮಾತೇ ಇಲ್ಲ. ಸದ್ದು ಕೇಳಿಸಿತು ಅಂದ್ರೆ ನೀವು ಬದುಕಿದ್ದೀರಿ, ಅಷ್ಟೇ.

ಸರ್ಕಾರ ಬಾಯಿ ಬಿಡಲಿಲ್ಲ. ಎಲ್ಲಿ ಬಿತ್ತು ಅಂತ ಜರ್ಮನ್ನರಿಗೆ ತಿಳೀಬಾರದು ಅನ್ನೋ ಲೆಕ್ಕ. ಗ್ಯಾಸ್ ಪೈಪು ಸಿಡೀತಂತೆ ಅನ್ನೋ ಸುದ್ದಿ ಹಬ್ಬಿತ್ತು. ಜನ ನಂಬಿದರಾ? 'ಹಾರುವ ಗ್ಯಾಸ್ ಪೈಪು' ಅಂತ ಅದಕ್ಕೆ ಹೆಸರಿಟ್ಟು ನಕ್ಕರು. ಚರ್ಚಿಲ್ ಪಾರ್ಲಿಮೆಂಟಿನಲ್ಲಿ ನಿಜ ಹೇಳಿದ್ದು ನವೆಂಬರ್ 10ಕ್ಕೆ, ಎರಡು ತಿಂಗಳ ಮೇಲೆ. ಯುದ್ಧದ ಗುಟ್ಟು ಸರಿಯೇ. ಆದರೆ ಪಕ್ಕದ್ಮನೆ ನೆಲಸಮವಾದವರಿಗೆ ಪೈಪಿನ ಕಥೆ ಸಾಕಾಗುತ್ತಾ?

ಎಚ್ಚರಿಕೆಯೇ ಇಲ್ಲದ ಮೇಲೆ ಅಡಗೋದು ಯಾವಾಗ? ದಿನವಿಡೀ ನೆಲಮಾಳಿಗೆಯಲ್ಲಿ ಕೂರೋಕಾಗಲ್ಲ. ಆಫೀಸಿದೆ, ರೇಷನ್ ಇದೆ, ಮಕ್ಕಳ ಸ್ಕೂಲಿದೆ. ಇದನ್ನು ಧೈರ್ಯ ಅಂತ ಹೊಗಳೋದು ಸುಲಭ. ನನಗನ್ನಿಸೋದು, ಅವರಿಗೆ ಬೇರೆ ದಾರಿ ಇರಲಿಲ್ಲ.

ನವೆಂಬರ್ 25, ಶನಿವಾರ ಮಧ್ಯಾಹ್ನ. ನ್ಯೂ ಕ್ರಾಸ್‌ನ ವೂಲ್‌ವರ್ತ್ಸ್ ಅಂಗಡಿಗೆ ಅಡುಗೆ ಪಾತ್ರೆ ಬಂದಿದೆ ಅಂತ ಸುದ್ದಿ. ಹೆಂಗಸರು, ಮಕ್ಕಳು ಕ್ಯೂ ನಿಂತಿದ್ದರು. ವಿ-2 ಬಿತ್ತು, 168 ಜನ ಸತ್ತರು. ಪಾತ್ರೆಗೆ ಅಷ್ಟೊಂದು ಬರ ಯಾಕೆ ಅಂತೀರಾ? ಅಲ್ಯೂಮಿನಿಯಂ ಯುದ್ಧಕ್ಕೆ ಬೇಕಿತ್ತು. ನಾಲ್ಕು ವರ್ಷದ ಹಿಂದೆ, ಯುದ್ಧವಿಮಾನ ಮಾಡ್ತೀವಿ ಕೊಡಿ ಅಂತ ಸರ್ಕಾರ ಕೇಳಿದಾಗ, ದೇಶದ ತುಂಬಾ ಹೆಂಗಸರು ಅಡುಗೆಮನೆಯ ಪಾತ್ರೆಗಳನ್ನು ತಂದು ರಾಶಿ ಹಾಕಿದ್ದರು.